ಮನೆಬಳಕೆಯ ಫೀಟಲ್ ಡಾಪ್ಲರ್: ಮೊದಲ ತಿಂಗಳುಗಳ ಭಯಕ್ಕೆ ಇದು ಮದ್ದಲ್ಲ

ಹೊಟ್ಟೆಯ ಮೇಲಿಟ್ಟು ಒಳಗಿನ ಮಗುವಿನ ಎದೆಬಡಿತ ಕೇಳುವ ಅಂಗೈಯಗಲದ ಯಂತ್ರ, ಅದಕ್ಕೊಂದು ವೈರು, ತುದಿಯಲ್ಲಿ ಪ್ರೋಬ್, ಜೊತೆಗೆ ಜೆಲ್ಲಿನ ಟ್ಯೂಬು. ಬೆಂಗಳೂರಿನಿಂದ ಅಕ್ಕ ಕಳಿಸಿದ್ದು. ನನ್ನ ಬಸಿರಿನಲ್ಲಿ ಪೂರ್ತಿ ಬಳಸಿದೆ, ಆಮೇಲೆ ಮುಂಬಯಿ ಬಳಿಯ ಕಲ್ಯಾಣದಲ್ಲಿರುವ ನಾದಿನಿ ಬಳಸಿದಳು. ಇವತ್ತಿಗೂ ಕೆಟ್ಟಿಲ್ಲ. ಬ್ಯಾಟರಿ ಬಾಳಿಕೆ ಬರುತ್ತದೆ, ಸ್ಪೀಕರಿನ ದನಿಯೂ ಸ್ಪಷ್ಟ. ಆದರೂ ಮೊದಲ ತಿಂಗಳುಗಳಲ್ಲಿ ರಕ್ತ ಕಂಡು, ಹೆದರಿ ಇದನ್ನು ಕೊಳ್ಳಲು ಹೊರಟವರಿಗೆ ಬೇಡ ಅಂತಲೇ ಹೇಳುತ್ತೇನೆ.

ಏಳು-ಎಂಟನೇ ವಾರದಲ್ಲಿ ಗರ್ಭಕೋಶ ಇನ್ನೂ ಸೊಂಟದ ಮೂಳೆಗಳ ನಡುವೆ ಕೆಳಗೇ ಇರುತ್ತದೆ. ಮಗು ಎರಡು ಸೆಂಟಿಮೀಟರೂ ಇರುವುದಿಲ್ಲ. ಹೊಟ್ಟೆಯ ಮೇಲಿಟ್ಟ ಪ್ರೋಬ್‌ಗೆ ಅದು ಸಿಕ್ಕುವುದಾದರೂ ಹೇಗೆ? ಡಾಕ್ಟರ ಕೈಯಲ್ಲಿರುವ ಡಾಪ್ಲರ್‌ಗೂ ಸಾಮಾನ್ಯವಾಗಿ ಸದ್ದು ಸಿಗುವುದು ಹತ್ತರಿಂದ ಹನ್ನೆರಡನೇ ವಾರದ ಹೊತ್ತಿಗೆ. ಯೋನಿಯ ಒಳಗಿನಿಂದ ಮಾಡುವ ಸೋನೋಗ್ರಫಿಯಲ್ಲಾದರೆ (ಸ್ಕ್ಯಾನ್) ಆರನೇ ವಾರದ ಸುಮಾರಿಗೇ ಎದೆಬಡಿತ ಕಾಣಿಸುತ್ತದೆ. ಭಯ ಹೆಚ್ಚಿರುವ ವಾರಗಳಲ್ಲೇ ಈ ಯಂತ್ರದಿಂದ ಉಪಯೋಗವಿಲ್ಲ.

ಏನೂ ತೋರಿಸದೆ ಸುಮ್ಮನಿದ್ದರೂ ಸಹಿಸಬಹುದಿತ್ತು. ಅದು ನಮ್ಮದೇ ರಕ್ತನಾಳದ ಸದ್ದು ಹಿಡಿದು ಪರದೆಯ ಮೇಲೆ 84 ಎಂದು ತೋರಿಸುತ್ತದೆ. ಮಗುವಿನದು 110ರಿಂದ 160ರೊಳಗೆ ಇರಬೇಕೆಂದು ಜೊತೆಗೆ ಬಂದ ಚೀಟಿಯಲ್ಲೇ ಅಚ್ಚಾಗಿದೆ. ನಡುರಾತ್ರಿ ಬಚ್ಚಲಲ್ಲಿ ಕಲೆ ಕಂಡು ಬಂದು ಮಲಗಿದವಳಿಗೆ ಆ 84 ಕಂಡರೆ ಜೀವ ಬಾಯಿಗೆ ಬರುತ್ತದೆ. ಇನ್ನೊಂದು ಕೈಯ ಮಣಿಕಟ್ಟಿನ ನಾಡಿ ಹಿಡಿದು ನೋಡಿದೆ. ಅಲ್ಲೂ ಅದೇ ತಾಳ. ಕೇಳುತ್ತಿದ್ದದ್ದು ನನ್ನದೇ ಎದೆಬಡಿತ.

ನಾನು ಮುಂಬಯಿ ಹತ್ತಿರದ ಡೊಂಬಿವಲಿಯಿಂದ ದಾದರಿಗೆ ಲೋಕಲ್‌ನಲ್ಲಿ ಓಡಾಡುವವಳು. ಸ್ಪಾಟಿಂಗ್ (ಹನಿ ಹನಿ ರಕ್ತ ಕಾಣುವುದು) ವಿಷಯ ಕೇಳಿದ ಕೂಡಲೇ ಹುಬ್ಬಳ್ಳಿಯಿಂದ ಅವ್ವ, "ಆ ಗರ್ದಿಯೊಳಗ ನಿಂತು ಹೋಗಬ್ಯಾಡ ಅಂತ ಎಷ್ಟು ಬಡಕೊಂಡೆ ನಾ" ಅಂದಳು. ಅತ್ತೆಗೆ ನಾನು ಎಂದೋ ತಿಂದ ಪಪ್ಪಾಯಿಯ ಹೋಳಿನ ಮೇಲೆ ಅನುಮಾನ. ನಮ್ಮ ಡಾಕ್ಟರು ಎರಡನ್ನೂ ತಳ್ಳಿಹಾಕಿದರು. ಮೊದಲ ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ನಾಲ್ವರು ಬಸುರಿಯರಲ್ಲಿ ಒಬ್ಬರಿಗೆ ರಕ್ತ ಕಾಣಿಸುತ್ತದೆ, ಅವರಲ್ಲಿ ಬಹಳ ಮಂದಿಗೆ ಬಸಿರು ಮುಂದುವರಿಯುತ್ತದೆ ಎಂದರು. ಆರಂಭದಲ್ಲೇ ಗರ್ಭ ಹೋಗುವುದರಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೋಸೋಮಿನ (ವಂಶವಾಹಿಗಳನ್ನು ಹೊತ್ತ ಎಳೆಗಳ) ದೋಷ. ರೈಲು ಹತ್ತಿದ್ದಕ್ಕೆ, ಮೆಟ್ಟಿಲು ಇಳಿದದ್ದಕ್ಕೆ ಹೋಗುವುದಲ್ಲ. ದಿನವಿಡೀ ಹಾಸಿಗೆ ಹಿಡಿದರೆ ಗರ್ಭ ಉಳಿಯುತ್ತದೆ ಎಂಬುದಕ್ಕೂ ಪುರಾವೆ ಸಿಕ್ಕಿಲ್ಲವಂತೆ. ತಪ್ಪು ನಿನ್ನದಲ್ಲ ಎಂದು ಬಿಳಿ ಕೋಟಿನವರೊಬ್ಬರು ಬಾಯಿಬಿಟ್ಟು ಹೇಳುವುದು ಎಷ್ಟು ದೊಡ್ಡದು ಅಂತ ಆ ಕುರ್ಚಿಯಲ್ಲಿ ಕೂತವರಿಗೇ ಗೊತ್ತು.

ಸೋನೋಗ್ರಫಿಗೆ ಹೋದಾಗ ಆಧಾರ್ ಪ್ರತಿ ಕೊಟ್ಟು, ಭ್ರೂಣಲಿಂಗ ಪತ್ತೆ ತಡೆಯುವ ಕಾನೂನಿನಡಿ ತುಂಬಿಸುವ ಎಫ್ ಫಾರ್ಮಿಗೆ ಸಹಿ ಹಾಕಿದ್ದಾಯಿತು. ಕತ್ತಲೆ ಕೋಣೆ. ಬೂದುಬಣ್ಣದ ಪರದೆಯಲ್ಲಿ ಕಡಲೆಬೇಳೆಯಷ್ಟು ಒಂದು ಆಕಾರ, ಅದರ ನಡುವೆ ಏನೋ ಮಿಣುಕುತ್ತಿತ್ತು. "ಠೋಕೆ ಛಾನ್ ಆಹೇತ್" ಅಂದರು ಡಾಕ್ಟರು ಮರಾಠಿಯಲ್ಲಿ, ಬಡಿತ ಚೆನ್ನಾಗಿದೆ ಅಂತ. ಮಿಣುಕುತ್ತಿದ್ದದ್ದು ಮಗುವಿನ ಎದೆ. ಗರ್ಭಚೀಲದ ಪಕ್ಕದಲ್ಲಿ ಸ್ವಲ್ಪ ರಕ್ತ ನಿಂತಿದೆ, ಅದೇ ಹಳತಾಗಿ ಕಂದುಬಣ್ಣದಲ್ಲಿ ಇಳಿಯುತ್ತಿದೆ ಎಂದು ಬೆರಳಿಟ್ಟು ತೋರಿಸಿದರು. ನನ್ನ ಬ್ಲಡ್ ಗ್ರೂಪ್ ಕೇಳಿದರು. ನೆಗೆಟಿವ್ ಗ್ರೂಪಿನವರಾದರೆ, ತಾಯಿಯ ದೇಹ ಮಗುವಿನ ರಕ್ತಕ್ಕೆ ಎದುರಾಗದಂತೆ ಕೊಡುವ ಆಂಟಿ-ಡಿ ಇಂಜೆಕ್ಷನ್ ಬೇಕೇ ಎಂದು ನೀವೂ ತಪ್ಪದೆ ಕೇಳಿ. ನಾದಿನಿಗೆ ಹಿಂದೊಮ್ಮೆ ಗರ್ಭ ಹೋಗಿತ್ತು, ಈ ಸಲವೂ ರಕ್ತ ಕಂಡಿತ್ತು. ಅವಳಿಗೆ ಬಸಿರು ನಿಲ್ಲಿಸಲು ನೆರವಾಗುವ ಹಾರ್ಮೋನು, ಪ್ರೊಜೆಸ್ಟೆರಾನ್ ಕೊಟ್ಟರು. ಇಂಥವರಿಗೆ ಅದನ್ನು ಕೊಡಬೇಕೆಂದು ಬ್ರಿಟನ್ನಿನಲ್ಲಿ ಚಿಕಿತ್ಸೆಯ ಸಲಹೆ ನೀಡುವ ಸಂಸ್ಥೆ ನೈಸ್‌ನ ಮಾರ್ಗಸೂಚಿ 2021ರಿಂದ ಹೇಳುತ್ತಿದೆ. ಡಾಕ್ಟರು ಬರೆದುಕೊಡದೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಮಾತ್ರೆ ಅದಲ್ಲ.

ಮುಂದಿನ ಸ್ಕ್ಯಾನಿನವರೆಗಿನ ದಿನಗಳನ್ನು ದಾಟಿಸಿದ್ದು ಒಂದು ಇನ್ನೂರು ಪುಟದ ನೋಟ್‌ಬುಕ್. ಪ್ಯಾಡ್ ಹಾಕಿಕೊಳ್ಳಿ, ಬಣ್ಣ ಯಾವುದು, ಎಷ್ಟು ನೆನೆದಿದೆ, ಗಡ್ಡೆ ಬಿತ್ತೇ, ನೋವಿದೆಯೇ ಬರೆಯಿರಿ ಎಂದಿದ್ದರು ಅಲ್ಲಿನ ಸಿಸ್ಟರ್. ಬಚ್ಚಲಿಗೆ ಹೋದಾಗ ಮಾತ್ರ ನೋಡುವುದು, ಒಂದು ಸಾಲು ಬರೆಯುವುದು, ಮುಚ್ಚಿಡುವುದು. ಕೆಂಪು ಕಂದಾಗಿ, ಕಂದು ತೆಳುವಾದದ್ದು ಪುಟದ ಮೇಲೆ ಕಣ್ಣಿಗೇ ಕಾಣುತ್ತಿತ್ತು. ಡಾಪ್ಲರ್ ಹಿಡಿದರೆ ಇನ್ನೊಮ್ಮೆ, ಇನ್ನೊಂದು ಬದಿಗೆ, ಇನ್ನಷ್ಟು ಜೆಲ್ ಹಾಕಿ ಅಂತ ಕೈ ನಿಲ್ಲುವುದೇ ಇಲ್ಲ. ನಾದಿನಿ ಹಾಗೆ ರಾತ್ರಿಯೆಲ್ಲ ಕೂತಿದ್ದಳು, ಪಾಪ.

ನೋಟ್‌ಬುಕ್ಕಿನ ಒಳರಕ್ಷೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಟ್ಟದ್ದು ಇಷ್ಟು: ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುತ್ತಾ ಎರಡು ಗಂಟೆ ಆದರೆ, ಹೊಟ್ಟೆಯಲ್ಲಿ, ಅದರಲ್ಲೂ ಒಂದೇ ಪಕ್ಕದಲ್ಲಿ ಜೋರು ನೋವಿದ್ದರೆ, ಭುಜದ ತುದಿ ನೋಯುತ್ತಿದ್ದರೆ, ಕಣ್ಣು ಕತ್ತಲೆ ಬಂದರೆ, ಜ್ವರ ಬಂದರೆ ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ. ಗರ್ಭ ಗರ್ಭಕೋಶದ ಬದಲು ಅಂಡನಾಳದಲ್ಲಿ ಕೂತಿದ್ದರೆ ಅದು ಒಡೆದು ತಾಯಿಯ ಜೀವಕ್ಕೇ ಕುತ್ತು. ಡಾಪ್ಲರ್ ಅದನ್ನು ಹೇಳಲಾರದು. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಉಚಿತ. ಮುಂಬಯಿಯೊಳಗಿದ್ದರೆ ಸಾಯನ್, ಕೆಇಎಂ, ಪರೇಲಿನ ವಾಡಿಯಾ ಹೆರಿಗೆ ಆಸ್ಪತ್ರೆ ಇವೆ.

ನಾಲ್ಕು ತಿಂಗಳು ದಾಟಿದ ಮೇಲೆ ಯಂತ್ರ ಕೆಲಸ ಮಾಡಿತು, ಅದನ್ನೂ ಹೇಳಬೇಕು. ಕುದುರೆ ದೌಡಾಯಿಸಿದಂಥ ಆ ಸದ್ದು ಕೇಳಿ ನಮ್ಮ ಯಜಮಾನರು ಹಾಗೇ ಕೂತುಬಿಟ್ಟರು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆದರೆ ಎಂಟನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಮಗುವಿನ ಹೊರಳಾಟ ಕಡಿಮೆ ಅನ್ನಿಸಿದಾಗ ಪರದೆ 142 ತೋರಿಸುತ್ತಿದ್ದರೂ ಆಸ್ಪತ್ರೆಗೆ ಹೋದೆ, ಮಗುವಿನ ಎದೆಬಡಿತದ ಏರಿಳಿತವನ್ನು ಸ್ವಲ್ಪ ಹೊತ್ತು ದಾಖಲಿಸುವ ಎನ್‌ಎಸ್‌ಟಿ ಮಾಡಿಸಿದೆ. ಎದೆಬಡಿತ ಕೇಳಿಸಿತೆಂದ ಮಾತ್ರಕ್ಕೆ ಮಗು ಕ್ಷೇಮ ಎಂದಲ್ಲ. ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲೇ ಇಂಥವನ್ನು ಮನೆಯಲ್ಲಿ ಬಳಸಬೇಡಿ ಎಂದಿತ್ತು.

ಐದರಲ್ಲಿ ಎರಡು ನಕ್ಷತ್ರ, ಎರಡೂ ಆ ನಾಲ್ಕು ತಿಂಗಳ ನಂತರದ ಖುಷಿಗೆ. ಈಗಷ್ಟೇ ರಕ್ತ ಕಂಡು, ಇದನ್ನು ಕಾರ್ಟಿಗೆ ಹಾಕಿಟ್ಟಿರುವವರು ಆ ದುಡ್ಡನ್ನು ಎರಡನೇ ಸ್ಕ್ಯಾನಿಗೆ ಎತ್ತಿಡಿ. ಅದರ ತಾರೀಕನ್ನು ಡಾಕ್ಟರ ಹತ್ತಿರ ಇವತ್ತೇ ಗೊತ್ತುಮಾಡಿಕೊಳ್ಳಿ.