ರಾತ್ರಿ ಒಂಬತ್ತರ ಮೇಲೆ ಮೆಟ್ರೊನೋ, ಬಸ್ಸೋ?

ಬೆಂಗಳೂರಿನ ಕಾಡುಗೋಡಿ ಕಡೆಯಿಂದ ತಡವಾಗಿ ಒಬ್ಬರೇ ಮೆಜೆಸ್ಟಿಕ್‌ಗೆ ಬರುವವರಿಗೆ 2023ರ ಅಕ್ಟೋಬರ್‌ನಿಂದ ಎರಡು ದಾರಿ: ನೇರಳೆ ಮಾರ್ಗದ ಮೆಟ್ರೊ, ಇಲ್ಲವೇ ಹಳೆಯ 335ಇ ಬಸ್ಸು.

ಮೆಟ್ರೊದಲ್ಲಿ ಒಳಗೆ ಹೋಗುವಾಗಲೇ ತಪಾಸಣೆ, ಕ್ಯಾಮೆರಾ, ಮಹಿಳೆಯರಿಗೆ ಮೊದಲ ಬೋಗಿ, ತುರ್ತಿಗೆ ಚಾಲಕರೊಂದಿಗೆ ಮಾತಾಡುವ ಗುಂಡಿ. ಇಷ್ಟೆಲ್ಲ ಇದೆಯೆಂದೇ ಜನ ಇಯರ್‌ಫೋನ್ ಸಿಕ್ಕಿಸಿಕೊಂಡು ಮೈಮರೆಯುತ್ತಾರೆ. ಮೆಜೆಸ್ಟಿಕ್‌ನ ನೂಕುನುಗ್ಗಲಲ್ಲಿ ಬೆನ್ನಿನ ಬ್ಯಾಗು ಎದೆಗೆ ಬರಲಿ. ನನಗೆ ಅಳುಕು ರೈಲಿನದಲ್ಲ, ಮೆಟ್ಟಿಲಿಳಿದ ಮೇಲಿನ ರಸ್ತೆಯದು. ಯಾವ ಗೇಟಿನಾಚೆ ಬೆಳಕು, ಅಂಗಡಿ, ಆಟೊ ಇವೆಯೆಂದು ಹಗಲಲ್ಲೇ ನೋಡಿಟ್ಟುಕೊಳ್ಳಿ.

ಬಸ್ಸಿನಲ್ಲಿ ಕಂಡಕ್ಟರೇ ಬಲ. ಮೈಮೇಲೆ ಬೀಳುವವನಿಗೆ "ಸರಿಯಾಗಿ ನಿಂತ್ಕೊಳ್ರೀ" ಎಂದು ಗಟ್ಟಿಯಾಗಿ ಅಂದರೆ ಸಾಕು, ನಾಲ್ಕು ಜನ ತಿರುಗುತ್ತಾರೆ. ಖಾಲಿ ಬಸ್ಸಾದರೆ ಮುಂದಿನ ಸೀಟು ಹಿಡಿಯಿರಿ. ಹಿಂದಿನ ಸಾಲು ಬೇಡವೇ ಬೇಡ. ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸು ಉಚಿತ, ಎಸಿಯ ವಜ್ರ ಬಸ್ಸಿಗೆ ಟಿಕೆಟ್ ಬೇಕು. ಕಷ್ಟವೆಂದರೆ ಸ್ಟಾಪಿನಲ್ಲಿ ಕಾಯುವುದು.

ನಾನಾದರೆ ಕೊನೆಯ ನಡಿಗೆ ನೋಡಿ ತೀರ್ಮಾನಿಸುತ್ತೇನೆ: ಮನೆಯ ತಿರುವಿನಲ್ಲೇ ಇಳಿಸುವುದಾದರೆ ಬಸ್ಸು, ಇಲ್ಲವೆಂದರೆ ಮೆಟ್ರೊ. ಫೋನಿನಲ್ಲಿ ಚಾರ್ಜ್ ಇರಲಿ, ತುರ್ತಿಗೆ 112.