ಒಂದೇ ಮಾಡೆಲ್‌ನಲ್ಲಿ ಮೂರು ಲೋಡ್ ಕೇಸ್ ಇಟ್ಟು ನಾನು ಕೆಟ್ಟ ಕಥೆ

ಸ್ಟ್ರಕ್ಚರಲ್ ಅನಾಲಿಸಿಸ್ ಮಾಡುವವರು, ಅದರಲ್ಲೂ ನಾಸ್ಟ್ರಾನ್ (ರಚನೆ ಭಾರ ತಡೆಯುತ್ತದಾ ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್) ಬಳಸುವವರು, ದಯವಿಟ್ಟು ಓದಿ. ತಪ್ಪು ಸಾಫ್ಟ್‌ವೇರ್‌ದಲ್ಲ, ನನ್ನದೇ.

ಕೆಲಸ ಒಂದು ಪಂಪ್ ಸ್ಕಿಡ್, ಅಂದರೆ ಪಂಪು ಮೋಟಾರು ಕೂರಿಸುವ ಉಕ್ಕಿನ ಚೌಕಟ್ಟು. 4 ಮೀಟರ್ ಉದ್ದ, ಪಂಪು ಮೋಟಾರು ಸೇರಿ 3,200 ಕೆಜಿ, ಉದ್ದಕ್ಕೆ ಎರಡು ಐಎಸ್‌ಎಂಸಿ 100 ಚಾನೆಲ್ (100 ಮಿಮೀ ಎತ್ತರದ ಉಕ್ಕಿನ ತೊಲೆ). ಹಿಂದೆಲ್ಲ ಲೋಡ್ ಕೇಸಿಗೊಂದು, ಅಂದರೆ ಭಾರ ಬೀಳುವ ಒಂದೊಂದು ಸಂದರ್ಭಕ್ಕೆ ಒಂದೊಂದು, ಫೈಲ್ ಮಾಡುತ್ತಿದ್ದೆ. ಪ್ಲೇಟ್ ದಪ್ಪ ಒಂದರಲ್ಲಿ ತಿದ್ದಿ ಇನ್ನೊಂದರಲ್ಲಿ ಮರೆಯುವುದು ಮಾಮೂಲಿ. ಅದಕ್ಕೇ ಈ ಸಲ ಒಂದೇ ಮಾಡೆಲ್, ಮೂರು ಸಬ್‌ಕೇಸ್: ಪಂಪ್ ಓಡುವಾಗ, ಭೂಕಂಪ, ಕ್ರೇನ್‌ನಲ್ಲಿ ಎತ್ತುವಾಗ.

ಮೊದಲೆರಡಕ್ಕೂ ಸ್ಕಿಡ್ ನೆಲದ ಎಂಟು ಬೋಲ್ಟ್‌ಗಳಲ್ಲಿ ಕೂತಿರುತ್ತದೆ. ಎರಡೆರಡು ಸಲ ಯಾಕೆ ಬರೆಯೋದು ಅಂತ 'ಎಸ್‌ಪಿಸಿ = 10' (ಮಾಡೆಲ್ ಅನ್ನು ಎಲ್ಲೆಲ್ಲಿ ಹಿಡಿಯಬೇಕು ಅನ್ನುವ ಸಪೋರ್ಟ್ ಸೆಟ್, ಇಲ್ಲಿ ಆ ಬೋಲ್ಟ್‌ಗಳು) ಸಾಲನ್ನು ಎಲ್ಲ ಸಬ್‌ಕೇಸ್‌ಗಿಂತ ಮೇಲೆ ಹಾಕಿದೆ. ಮೇಲೆ ಬರೆದದ್ದು ಕೆಳಗಿನ ಎಲ್ಲಕ್ಕೂ ಅನ್ವಯ, ಸಬ್‌ಕೇಸ್ ಒಳಗೆ ಬೇರೆ ಕೊಟ್ಟರೆ ಮಾತ್ರ ಬದಲಾಗುತ್ತದೆ. ಎತ್ತುವ ಕೇಸ್‌ಗೆ ಲಿಫ್ಟಿಂಗ್ ಲಗ್‌ಗಳಲ್ಲಿ (ಕ್ರೇನ್ ಸ್ಲಿಂಗ್ ಸಿಕ್ಕಿಸುವ ಕಿವಿಗಳು) ಹಿಡಿಯುವ ಸೆಟ್ 20 ಅನ್ನೂ ಮಾಡಿದ್ದೆ. ಆದರೆ ಮೂರನೇ ಸಬ್‌ಕೇಸ್ ಒಳಗೆ ಅದನ್ನು ಕರೆಯಲೇ ಇಲ್ಲ!

ಎರರ್ ಬರಲಿಲ್ಲ. ಬರುವುದೂ ಇಲ್ಲ. ಕರೆಯದ ಸೆಟ್ ಡೆಕ್‌ನಲ್ಲಿ (ನಾಸ್ಟ್ರಾನ್‌ಗೆ ಕೊಡುವ ಇನ್‌ಪುಟ್ ಫೈಲ್) ಸುಮ್ನೆ ಬಿದ್ದಿರುತ್ತದೆ.

ನಾನು ಚೆಕ್ ಮಾಡದೆ ಬಿಟ್ಟವನೂ ಅಲ್ಲ. ಕ್ರೇನಿನ ಜಗ್ಗಾಟಕ್ಕೆ 1.5 ಪಟ್ಟು ಹಿಡಿದರೆ ರಿಯಾಕ್ಷನ್ (ಸಪೋರ್ಟ್‌ಗಳು ಹೊರುವ ಬಲ) ಒಟ್ಟು 47.1 ಕಿಲೋನ್ಯೂಟನ್ ಬರಬೇಕು. ಬಂತು. ಖುಷಿಯಾಯಿತು. ಆದರೆ ಭಾರವನ್ನು ನೆಲ ಹೊತ್ತರೂ ಅಷ್ಟೇ, ಲಗ್ ಹೊತ್ತರೂ ಅಷ್ಟೇ, ಒಟ್ಟು ಮೊತ್ತ ಬದಲಾಗುವುದಿಲ್ಲ ಅಲ್ವಾ? ಅದು ಯಾವ ನೋಡ್‌ಗಳಲ್ಲಿ (ಮಾಡೆಲ್‌ನ ಬಿಂದುಗಳು) ಬರುತ್ತಿದೆ ಅಂತ ನೋಡಬೇಕಿತ್ತು. ಸ್ಟ್ರೆಸ್ 60 ಎಂಪಿಎ, ಉಕ್ಕಿನ ಯೀಲ್ಡ್ (ಶಾಶ್ವತವಾಗಿ ಬಗ್ಗಲು ಶುರುವಾಗುವ ಮಟ್ಟ) 250. ಸೇಫ್ ಅಂತ ರಿಪೋರ್ಟ್ ಕಳಿಸಿದೆ.

ಮಂಗಳೂರಿನ ಬೈಕಂಪಾಡಿಯ ಶೆಡ್‌ನಲ್ಲಿ ಮಳೆ ಬಿಟ್ಟ ಹೊತ್ತು ನೋಡಿ ಕ್ರೇನ್ ತಂದರು. ಸ್ಲಿಂಗ್ ಬಿಗಿಯಾಯಿತು, ಎರಡೂ ತುದಿ ಎದ್ದವು, ನಡು ಏಳಲಿಲ್ಲ. ಪೈಂಟ್ ಸಿಪ್ಪೆಯಂತೆ ಚಟಪಟ ಉದುರಿತು. ಫೋರ್‌ಮನ್ ಕೈ ಎತ್ತಿ ನಿಲ್ಲಿಸಿದರು. ಯಾರೂ ಹತ್ತಿರ ಇರಲಿಲ್ಲ, ಪುಣ್ಯ. ಆಮೇಲೆ ನನ್ನ ಕಡೆ ತಿರುಗಿ, "ಎಂತ ಸರ್, ಇದು ಎತ್ತಲಿಕ್ಕೆ ಮಾಡಿದ್ದಲ್ವಾ?" ಅಂದರು. ಬೈದಿದ್ದರೆ ವಾಸಿ ಇತ್ತು.

ಆಫೀಸಿಗೆ ಬಂದು ಸೆಟ್ 20 ಹಾಕಿ ಓಡಿಸಿದೆ. ಸ್ಟ್ರೆಸ್ 350 ದಾಟಿತು. ಎರಡೂ ಚಾನೆಲ್ ಬದಲಾಯಿಸಿ, ನಡುವೆ ಇನ್ನೊಂದು ಜೊತೆ ಲಗ್ ಕೊಟ್ಟೆವು. ಖರ್ಚು ನಮ್ಮ ಆಫೀಸಿನದ್ದೇ.

ಈಗ ಮೇಲೆ ಏನೂ ಬರೆಯುವುದಿಲ್ಲ. ಪ್ರತಿ ಸಬ್‌ಕೇಸ್ ತನ್ನ ಎಸ್‌ಪಿಸಿ, ತನ್ನ ಲೋಡ್, ತನ್ನ ಹೆಸರು ತಾನೇ ಹೇಳಬೇಕು. ನಾಲ್ಕು ಸಾಲು ಜಾಸ್ತಿ, ಅಷ್ಟೇ. ಪ್ರತಿ ಕೇಸಿನ ಬಗ್ಗಿದ ಆಕಾರವನ್ನು ಸಪೋರ್ಟ್ ಗುರುತುಗಳ ಜೊತೆಗೇ ನೋಡುತ್ತೇನೆ. ಎತ್ತುವ ಕೇಸ್‌ನಲ್ಲಿ ನೆಲದ ಬೋಲ್ಟ್ ಅಲ್ಲಾಡದಿದ್ದರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ಅಬಾಕಸ್ (ಇದೇ ಥರದ ಇನ್ನೊಂದು ಸಾಫ್ಟ್‌ವೇರ್) ಬಳಸುವವರು ನಗಬೇಡಿ. ಅಲ್ಲೂ ಒಂದು ಸ್ಟೆಪ್‌ನ ಲೋಡು, ಸಪೋರ್ಟು ನೀವು ನಿಲ್ಲಿಸುವ ತನಕ ಮುಂದಿನ ಸ್ಟೆಪ್‌ಗೂ ಹರಿದು ಹೋಗುತ್ತವೆ.

ನಿಮ್ಮ ಹಳೇ ಡೆಕ್ ತೆರೆದು ಮೊದಲ ಸಬ್‌ಕೇಸ್‌ನ ಮೇಲೆ ಏನಿದೆ ನೋಡಿ. ನನ್ನ ಏಳು ಡೆಕ್‌ಗಳಲ್ಲಿ ಇನ್ನೂ ಎರಡರಲ್ಲಿ ಇದೇ ಸಾಲು ಸಿಕ್ಕಿತು. ಎರಡರಲ್ಲೂ ಎತ್ತುವ ಕೇಸ್ ಇರಲಿಲ್ಲ, ಬಚಾವಾದೆ.