ರೆಶೆನ್‌ನಿಂದ ಮೆರಾನೊವರೆಗೆ: ವಿನ್ಶ್‌ಗಾವ್ ಕಣಿವೆಯ ಸೈಕಲ್ ದಾರಿ ಹೇಗಿದೆ?

ಇಟಲಿಯ ಉತ್ತರ ತುದಿಯಲ್ಲಿ, ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡ್‌ಗಳ ಗಡಿಗೆ ಅಂಟಿಕೊಂಡಿರುವ ಕಣಿವೆ ವಿನ್ಶ್‌ಗಾವ್. ಇಲ್ಲಿನ ಸೈಕಲ್ ದಾರಿ ರೆಶೆನ್ ಘಾಟಿಯ 1,504 ಮೀಟರ್ ಎತ್ತರದಲ್ಲಿ ಶುರುವಾಗಿ, ಸುಮಾರು 80 ಕಿ.ಮೀ. ಸಾಗಿ, 325 ಮೀಟರ್ ಎತ್ತರದ ಮೆರಾನೊ ಪಟ್ಟಣಕ್ಕೆ ಇಳಿಯುತ್ತದೆ. ಸೈಕಲ್ಲಿಗೆ ಸಾಮಾನು ಕಟ್ಟಿಕೊಂಡು ಮೊದಲ ಸಲ ಆಲ್ಪ್ಸ್‌ಗೆ ಹೊರಟವರಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ. ದಾರಿ ಸೊಗಸಾಗಿದೆ ಎಂಬುದಷ್ಟೇ ಅದಕ್ಕೆ ಕಾರಣವಲ್ಲ. ಮಾಲ್ಸ್‌ನಿಂದ ಕೆಳಗೆ ಪಕ್ಕದಲ್ಲೇ ರೈಲು ಓಡುತ್ತದೆ. ಮೆರಾನೊದಿಂದ ಮಾಲ್ಸ್‌ವರೆಗಿನ 60 ಕಿ.ಮೀ. ರೈಲುಮಾರ್ಗ 1906ರಲ್ಲಿ ತೆರೆದು, 1990ರಲ್ಲಿ ಮುಚ್ಚಿ, 2005ರಲ್ಲಿ ಮತ್ತೆ ಶುರುವಾಯಿತು. ಮಳೆ ಹಿಡಿದರೆ, ಕಾಲು ಸೋತರೆ, ಚಕ್ರದ ಕಡ್ಡಿ ಮುರಿದರೆ ಮುಂದಿನ ನಿಲ್ದಾಣ ಕೆಲವೇ ಕಿಲೋಮೀಟರ್ ದೂರದಲ್ಲಿ ಇರುತ್ತದೆ.

ಹೊರಡುವ ಮುನ್ನ ಊರುಗಳ ಎರಡೆರಡು ಹೆಸರನ್ನೂ ಬರೆದಿಟ್ಟುಕೊಳ್ಳಿ. ಇಲ್ಲಿನವರ ಮಾತು ಹೆಚ್ಚಾಗಿ ಜರ್ಮನ್, ಆದರೆ ಫಲಕಗಳಲ್ಲಿ ಇಟಾಲಿಯನ್ನೂ ಇರುತ್ತದೆ. ಮಾಲ್ಸ್ ಎಂದರೆ ಮಾಲೆಸ್, ಗ್ಲುರ್ನ್ಸ್ ಎಂದರೆ ಗ್ಲೊರೆಂಜಾ, ಶ್ಲಾಂಡರ್ಸ್ ಎಂದರೆ ಸಿಲಾಂದ್ರೊ, ಲಾಚ್ ಎಂದರೆ ಲಾಚೆಸ್. ಕಣಿವೆಗೇ ವಾಲ್ ವೆನೋಸ್ತಾ ಎಂಬ ಇನ್ನೊಂದು ಹೆಸರಿದೆ. ನದಿ ಜರ್ಮನ್‌ನಲ್ಲಿ ಎಚ್, ಇಟಾಲಿಯನ್‌ನಲ್ಲಿ ಆದಿಜೆ. ಟಿಕೆಟ್ ಯಂತ್ರದ ಮುಂದೆ ತಡಬಡಾಯಿಸುವುದು ಇದರಿಂದ ತಪ್ಪುತ್ತದೆ.

ಮೇಲಕ್ಕೆ ತಲುಪಲು ಎರಡು ಉಪಾಯಗಳಿವೆ. ಮಾಲ್ಸ್‌ವರೆಗೆ ರೈಲು, ಅಲ್ಲಿಂದ ರೆಶೆನ್‌ಗೆ ಬಸ್ಸು ಎಂಬುದು ಸುಲಭದ್ದು. ಬಸ್ಸಿನಲ್ಲಿ ಸೈಕಲ್ಲಿಗೆ ಜಾಗ ಕಡಿಮೆ, ಆದ್ದರಿಂದ ಮುಂಜಾನೆಯ ಬಸ್ಸನ್ನೇ ಹಿಡಿಯಬೇಕು. ಇನ್ನೊಂದು, ಆಸ್ಟ್ರಿಯಾದ ಲಾಂಡೆಕ್‌ನಿಂದ ಇನ್ ನದಿಯ ಜೊತೆಗೇ ಸೈಕಲ್ ತುಳಿದು ಬರುವುದು. ಈ ಎರಡನೆಯದರಲ್ಲಿ ಒಂದು ಎಚ್ಚರಿಕೆ ಇದೆ: ನಕಾಶೆಯಲ್ಲಿ ನೇರವಾಗಿ ಕಾಣುವ ಹೆದ್ದಾರಿಯಲ್ಲಿ, ಘಾಟಿಗೆ ಮುಂಚೆ ಸಿಗುವ ನೌಡರ್ಸ್ ಊರಿಗೆ ಹತ್ತಬೇಡಿ. ಕಿರಿದಾದ ಸುರಂಗಗಳಲ್ಲಿ ಲಾರಿಗಳ ನಡುವೆ ಸಿಕ್ಕಿಬೀಳುತ್ತೀರಿ. ಸ್ವಿಟ್ಜರ್ಲೆಂಡಿನೊಳಗೆ ತುಸು ನುಗ್ಗಿ, ಮಾರ್ಟಿನಾ ಎಂಬ ಹಳ್ಳಿಯಿಂದ ನಾರ್ಬರ್ಟ್ಸ್‌ಹೊಯೆ ಎಂಬ ಏರು ಹತ್ತಿ ನೌಡರ್ಸ್ ಸೇರುವುದೇ ಸರಿಯಾದ ಕ್ರಮ. ಹನ್ನೊಂದು ಹೇರ್‌ಪಿನ್ ತಿರುವು, ಸುಮಾರು 6 ಕಿ.ಮೀ., 1,035 ಮೀಟರಿನಿಂದ 1,405 ಮೀಟರಿಗೆ. ಏರು ಒಂದೇ ಹದದಲ್ಲಿರುವುದರಿಂದ ಮುಂದೆ 30 ಹಲ್ಲು, ಹಿಂದೆ 34 ಹಲ್ಲಿನ ಗೇರ್ ಇದ್ದರೆ 15 ಕಿಲೋ ಸಾಮಾನಿದ್ದರೂ ಕೂತೇ ಹತ್ತಬಹುದು. ಯುರೋಪಿಯನ್ ಒಕ್ಕೂಟದ ಸಿಮ್‌ಗಳು ಸ್ವಿಸ್ ನೆಲದಲ್ಲಿ ಬೇರೆ ದರ ಹಾಕಬಹುದು. ಮಾರ್ಟಿನಾ ಬರುವ ಮುಂಚೆಯೇ ಡೇಟಾ ಆಫ್ ಮಾಡಿ.

ಘಾಟಿಯ ನೆತ್ತಿಯಲ್ಲೇ ರೆಶೆನ್ ಕೆರೆ. ನೀರಿನ ನಡುವೆ 14ನೇ ಶತಮಾನದ ಗಂಟೆಗೋಪುರವೊಂದು ಒಂಟಿಯಾಗಿ ನಿಂತಿದೆ. 1950ರಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿ ಗ್ರಾವ್ನ್ ಎಂಬ ಊರನ್ನು ಮುಳುಗಿಸಿದಾಗ ಉಳಿದದ್ದು ಅದೊಂದೇ. ಮುಳುಗಡೆ ಎಂದರೇನೆಂದು ಶರಾವತಿ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಬಸ್ಸುಗಳೂ ಜನರೂ ಸೇರುವುದು ಹೆದ್ದಾರಿ ಇರುವ ಪೂರ್ವದಂಡೆಯಲ್ಲಿ. ಗೋಪುರವನ್ನು ಹತ್ತಿರದಿಂದ ನೋಡಿಕೊಂಡು ವಾಪಸು ಬಂದು ಪಶ್ಚಿಮದಂಡೆ ಹಿಡಿಯಿರಿ. ಅಲ್ಲಿ ಸಣ್ಣಪುಟ್ಟ ಏರಿಳಿತಗಳಿವೆ, ಆದರೆ ವಾಹನಗಳ ಸದ್ದಿಲ್ಲ.

ಸಾಂಕ್ಟ್ ವಾಲೆಂಟಿನ್ ಎಂಬ ಊರು ದಾಟಿದ ಮೇಲೆ ಬರುವ ಇಳಿಜಾರನ್ನು ಹಗುರವಾಗಿ ನೋಡಬಾರದು. ಸುಮಾರು 1,450 ಮೀಟರಿನಿಂದ ಗ್ಲುರ್ನ್ಸ್‌ನ 907 ಮೀಟರಿಗೆ, ಹುಲ್ಲುಗಾವಲುಗಳ ಮಧ್ಯೆ, ಕೆಲವೇ ಕಿಲೋಮೀಟರುಗಳಲ್ಲಿ ದಾರಿ ಧುಮುಕುತ್ತದೆ. ಮುಂದೆ ಹಿಮ ಹೊದ್ದ ಓರ್ಟ್ಲರ್ ಶಿಖರ ಕಾಣುತ್ತಿರುವಾಗ ಕಣ್ಣು ರಸ್ತೆಯ ಮೇಲೆ ನಿಲ್ಲುವುದಿಲ್ಲ. ಇಲ್ಲಿ ಕೆಡುವುದು ಬ್ರೇಕ್. ಹೊಸಬರು ಎರಡೂ ಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿದೇ ಇಡೀ ಇಳಿಜಾರು ಇಳಿಯುತ್ತಾರೆ. ರಿಮ್ ಬ್ರೇಕ್ ಆದರೆ ರಿಮ್ ಕಾದು ಒಳಗಿನ ಟ್ಯೂಬಿಗೆ ಪೆಟ್ಟು. ಡಿಸ್ಕ್ ಆದರೆ ಪ್ಯಾಡಿನ ಮೇಲ್ಮೈ ಗಾಜಿನಂತೆ ಹೊಳಪುಗಟ್ಟಿ ಹಿಡಿತ ತಪ್ಪುತ್ತದೆ, ಕೀಚಲು ಸದ್ದು ಶುರುವಾಗುತ್ತದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಆಮೇಲೆ ಪೂರ್ತಿ ಬಿಟ್ಟು ಗಾಳಿಗೆ ತಣಿಯಲು ಬಿಡಿ. ಪ್ಯಾಡಿನಲ್ಲಿ 1 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಹೊರಡುವ ಮುಂಚೆಯೇ ಬದಲಾಯಿಸಿ. ನಿಮ್ಮ ಮಾದರಿಯ ಪ್ಯಾಡ್ ಒಂದು ಜೊತೆ ಚೀಲದಲ್ಲಿರಲಿ.

ಬಾಡಿಗೆ ಸೈಕಲ್ ತೆಗೆದುಕೊಳ್ಳುವ ನಮ್ಮವರು ಮರೆಯಬಾರದ ಮಾತೊಂದಿದೆ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಲಿವರ್ ಮುಂದಿನ ಚಕ್ರದ್ದು. ಅಲ್ಲಿ ಸಾಮಾನ್ಯವಾಗಿ ಎಡಗೈಯದು ಮುಂದಿನದು, ಬಲಗೈಯದು ಹಿಂದಿನದು. ಗಾಬರಿಯಾದಾಗ ಕೈ ಹಳೆಯ ಅಭ್ಯಾಸಕ್ಕೇ ಹೋಗುತ್ತದೆ, ಹಿಂದಿನ ಚಕ್ರ ಎಂದುಕೊಂಡು ಮುಂದಿನದನ್ನು ಹಿಡಿದು ತಲೆಯ ಮೇಲೆ ಬೀಳುವ ಅಪಾಯ ನಿಜವಾದದ್ದು. ಅಂಗಡಿಯ ಅಂಗಳದಲ್ಲೇ ಹತ್ತು ನಿಮಿಷ ಸುತ್ತಿ, ಹತ್ತಾರು ಸಲ ನಿಲ್ಲಿಸಿ ಕೈಗೆ ಹೊಸ ರೂಢಿ ಮಾಡಿಸಿ. ವಾಹನಗಳು ಬಲಗಡೆ ಓಡುತ್ತವೆ ಎಂಬುದನ್ನು ಇದಕ್ಕೆ ಸೇರಿಸಿಕೊಳ್ಳಿ.

ಗ್ಲುರ್ನ್ಸ್ ಸುಮಾರು ಒಂಬೈನೂರು ಜನರ ಊರು, ಆದರೂ ಸುತ್ತಲೂ ಪೂರ್ತಿ ಕೋಟೆಗೋಡೆ ಇರುವ ಪಟ್ಟಣ. ದ್ವಾರದೊಳಗೆ ಕಲ್ಲುಹಾಸು, ಇಳಿದು ತಳ್ಳಿಕೊಂಡು ಹೋದರೆ ಸಾಮಾನೂ ಉಳಿಯುತ್ತದೆ, ಊರೂ ಕಣ್ಣಿಗೆ ಸಿಗುತ್ತದೆ. ಮುಂದಿನ ಪ್ರಾಡ್‌ನಿಂದ ಸ್ಟೆಲ್ವಿಯೊ ಘಾಟಿಗೆ ರಸ್ತೆ ಒಡೆಯುತ್ತದೆ: 48 ತಿರುವು, ಸುಮಾರು 24 ಕಿ.ಮೀ., 1,800 ಮೀಟರ್ ಏರಿ 2,757 ಮೀಟರಿಗೆ. ಅದನ್ನು ಹತ್ತುವ ಆಸೆ ಇದ್ದರೆ ಪ್ರಾಡ್‌ನಲ್ಲಿ ಎರಡು ರಾತ್ರಿ ತಂಗಿ, ಸಾಮಾನೆಲ್ಲ ಕೋಣೆಯಲ್ಲಿ ಬಿಟ್ಟು ಬೆಳಗ್ಗೆ ಆರಕ್ಕೆ ಹೊರಡಿ. ಹೊತ್ತು ಏರಿದಂತೆ ಮೋಟಾರ್‌ಸೈಕಲ್‌ಗಳ ಅಬ್ಬರ ಹೆಚ್ಚುತ್ತದೆ. ಚಳಿಗಾಲದಲ್ಲಿ ಘಾಟಿ ಮುಚ್ಚಿರುತ್ತದೆ. ಬೇಸಿಗೆಯಲ್ಲೂ ಇಳಿಯುವಾಗ ಗಾಳಿ ತಡೆಯುವ ಜಾಕೆಟ್ಟು, ಪೂರ್ತಿ ಬೆರಳಿನ ಕೈಗವಸು ಬೇಕು. ಬೆರಳು ಮರಗಟ್ಟಿದರೆ ಬ್ರೇಕ್ ಒತ್ತಲು ಬರುವುದಿಲ್ಲ.

ಅಮೃತಶಿಲೆಗೆ ಹೆಸರಾದ ಲಾಸ್ ದಾಟಿದರೆ ದಾರಿ ನದಿಯ ಪಕ್ಕಕ್ಕೆ ಬರುತ್ತದೆ. ಬಹುಪಾಲು ಡಾಂಬರು, ನಡುನಡುವೆ ಗಟ್ಟಿಯಾದ ಜಲ್ಲಿ. 35ರಿಂದ 40 ಮಿ.ಮೀ. ಟೈರಿಗೆ 45–50 ಪಿಎಸ್‌ಐ ಗಾಳಿ ಸಾಕು. ಆಲ್ಪ್ಸ್‌ನ ಅತಿ ಒಣ ಕಣಿವೆಗಳಲ್ಲಿ ಇದೂ ಒಂದು, ವರ್ಷಕ್ಕೆ ಸುಮಾರು 500 ಮಿ.ಮೀ. ಮಳೆ. ಅದಕ್ಕೇ ಇಲ್ಲಿನ ರೈತರು ಶತಮಾನಗಳಿಂದ ವಾಲ್ ಎಂಬ ಕಾಲುವೆಗಳಲ್ಲಿ ಬೆಟ್ಟದ ನೀರನ್ನು ಹೊಲಕ್ಕೆ ತಂದಿದ್ದಾರೆ. ಈಗ ಸೇಬಿನ ತೋಟಗಳಲ್ಲಿ ಸ್ಪ್ರಿಂಕ್ಲರ್‌ಗಳು ತಿರುಗುತ್ತವೆ. ಅವು ಒದ್ದೆ ಮಾಡಿದ ತಿರುವುಗಳಲ್ಲಿ ಸೈಕಲ್ ವಾಲಿಸಬೇಡಿ. ಔಷಧಿ ಸಿಂಪಡಿಸುವ ಟ್ರ್ಯಾಕ್ಟರ್ ಪಕ್ಕದ ಸಾಲಿನಲ್ಲಿ ಕಂಡರೆ ನಿಂತು ಅದು ಮುಂದೆ ಹೋದ ಮೇಲೆ ಹೊರಡಿ. ಇದು ಅತಿಯಾದ ಅಂಜಿಕೆಯಲ್ಲ. ಕೀಟನಾಶಕ ಬೇಡವೆಂದು ಮಾಲ್ಸ್‌ನ ಜನ 2014ರಲ್ಲಿ ಜನಮತವನ್ನೇ ನಡೆಸಿದ್ದಾರೆ. ಸೆಪ್ಟೆಂಬರ್, ಅಕ್ಟೋಬರ್ ಕೊಯ್ಲಿನ ಕಾಲದಲ್ಲಿ ಸೇಬಿನ ಡಬ್ಬ ಹೊತ್ತ ಟ್ರ್ಯಾಕ್ಟರುಗಳು ಇದೇ ದಾರಿಯಲ್ಲಿ ಓಡಾಡುತ್ತವೆ. ದಾರಿ ಬಿಡಬೇಕಾದವರು ನಾವೇ.

ಇಳಿಜಾರು ಎಂದ ಮಾತ್ರಕ್ಕೆ ತುಳಿಯುವುದೇ ಬೇಡ ಎಂದುಕೊಳ್ಳಬೇಡಿ. ಬಿಸಿಲಿನ ದಿನ ಮಧ್ಯಾಹ್ನದ ನಂತರ ಬೆಟ್ಟದ ಮೈ ಕಾದು, ಗಾಳಿ ಕಣಿವೆಯ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ, ಅಂದರೆ ನೇರ ಮುಖಕ್ಕೆ. ಶ್ಲಾಂಡರ್ಸ್‌ನಿಂದಾಚೆ ಚಪ್ಪಟೆಯಾದ ಭಾಗದಲ್ಲಿ ಇದು ಚೆನ್ನಾಗಿಯೇ ದಣಿಸುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಮುಂಚೆ ಲಾಚ್ ದಾಟುವಂತೆ ಹೊರಡುವ ವೇಳೆ ಇಟ್ಟುಕೊಳ್ಳಿ.

ಒಂದೇ ದಿನ ಕೈಯಲ್ಲಿದ್ದರೆ ಕೆಳಗಿನ ಭಾಗವನ್ನೇ ಬಿಟ್ಟುಬಿಡಬಹುದು. ನಾಟುರ್ನ್ಸ್‌ನ ಆಸುಪಾಸಿನಲ್ಲಿ ತೋಟಗಳಿಗೆ ಹೊದಿಸಿದ ಆಲಿಕಲ್ಲು ತಡೆಯುವ ಬಲೆಗಳು ನೋಟವನ್ನು ಮುಚ್ಚುತ್ತವೆ, ಭಾನುವಾರ ಪುಟ್ಟ ಮಕ್ಕಳ ಸೈಕಲ್ಲುಗಳಿಂದ ದಾರಿ ತುಂಬಿರುತ್ತದೆ. ಟೋಲ್ ಎಂಬ ಊರು ದಾಟಿದ ಮೇಲೆ ಮೆರಾನೊದತ್ತ ಕಡಿದಾದ ತಿರುವುಗಳು. ಅಲ್ಲಿ ಹತ್ತಿ ಬರುವವರೂ ಇರುವುದರಿಂದ ನಡಿಗೆಗಿಂತ ತುಸು ವೇಗವೇ ಸಾಕು. ರೆಶೆನ್‌ನಿಂದ ಶ್ಲಾಂಡರ್ಸ್‌ವರೆಗಿನ ಮೇಲಿನ ಅರ್ಧಕ್ಕೆ ಇಡೀ ದಿನ ಕೊಡುವುದೇ ಮೇಲು.

ಸೇವೆಗಳ ಮಟ್ಟಿಗೆ, ನಿಲ್ದಾಣದ ಪಕ್ಕದ ಬಾಡಿಗೆ ಅಂಗಡಿಯಲ್ಲಿ ಸೈಕಲ್ ಪಡೆದು ಇನ್ನೊಂದು ನಿಲ್ದಾಣದಲ್ಲಿ ಹಿಂತಿರುಗಿಸುವ ಏರ್ಪಾಡು ಈ ಕಣಿವೆಯ ದೊಡ್ಡ ಸವಲತ್ತು. ಪಡೆಯುವಾಗ ಸಂಜೆ ಅಂಗಡಿ ಮುಚ್ಚುವ ವೇಳೆ ಕೇಳಿಕೊಳ್ಳಿ. ದೌರ್ಬಲ್ಯ ರೈಲಿನ ಜಾಗದ್ದು. ಜುಲೈ, ಆಗಸ್ಟ್ ಬೆಳಗ್ಗೆ ಸ್ವಂತ ಸೈಕಲ್ ಹತ್ತಿಸಲು ಪರದಾಡಬೇಕಾಗುತ್ತದೆ. ಸೈಕಲ್ಲಿಗೆ ಬೇರೆ ಟಿಕೆಟ್ಟೂ ಬೇಕು. ಇತ್ತೀಚಿನ ವರ್ಷಗಳಲ್ಲಿ ಮಾರ್ಗದ ವಿದ್ಯುದೀಕರಣದ ಕೆಲಸದಿಂದ ರೈಲಿನ ಬದಲು ಬಸ್ಸು ಓಡಿಸಿದ್ದೂ ಇದೆ, ಹೊರಡುವ ವಾರದಲ್ಲಿ ವೇಳಾಪಟ್ಟಿ ನೋಡಲೇಬೇಕು. ಊರ ಹೊರಗೆ ಕತ್ತಲಾದ ಮೇಲೆ, ಸುರಂಗಗಳಲ್ಲಿ ಯಾವ ಹೊತ್ತಿನಲ್ಲೂ, ಹೊಳೆಯುವ ಜಾಕೆಟ್ ತೊಡುವುದು ಇಟಲಿಯಲ್ಲಿ ಕಡ್ಡಾಯ.

ಊಟಕ್ಕೆ ಸಸ್ಯಾಹಾರಿಗಳು ಪರದಾಡಬೇಕಿಲ್ಲ, ಕೇಳಿ ತಿನ್ನಬೇಕಷ್ಟೆ. ಪಾಲಕ್ ಅಥವಾ ಚೀಸ್ ಹಾಕಿದ ಕ್ನೋಡೆಲ್ ಉಂಡೆಗಳು, ಪಾಲಕ್ ತುಂಬಿದ, ಕಡುಬಿನಂಥ ಶ್ಲುಟ್ಸ್‌ಕ್ರಾಪ್ಫೆನ್ ಎಲ್ಲೆಡೆ ಸಿಗುತ್ತವೆ. ಸ್ಪೆಕ್ ಎಂದರೆ ಹಂದಿಮಾಂಸ. ಸಾರಿನಲ್ಲಿ ಮುಳುಗಿಸಿ ಕೊಡುವ ಕ್ನೋಡೆಲ್‌ನ ಸಾರು ಮಾಂಸದ್ದೇ ಆಗಿರುವುದು ಹೆಚ್ಚು, ಬೆಣ್ಣೆಯಲ್ಲಿ ಬೇಕೆಂದು ಹೇಳಿ. ಮಧ್ಯಾಹ್ನ ಎರಡು ಗಂಟೆಯ ನಂತರ ಸಂಜೆಯವರೆಗೆ ಹಲವು ಅಡುಗೆಮನೆಗಳು ಮುಚ್ಚಿರುತ್ತವೆ. ಜೋಡಿ ರೈ ರೊಟ್ಟಿ ವಿನ್ಶ್ಗರ್ ಪಾರ್ಲ್, ಒಂದು ತುಂಡು ಚೀಸ್ ಚೀಲದಲ್ಲಿದ್ದರೆ ಆ ಹೊತ್ತು ಕಳೆಯುತ್ತದೆ. ಜುಲೈ ಕೊನೆಯಲ್ಲಿ ಹೋದವರು ರಸ್ತೆಬದಿಯಲ್ಲಿ ಈ ಕಣಿವೆಯದೇ ಏಪ್ರಿಕಾಟ್ ಮಾರುವುದನ್ನು ಕಂಡರೆ ಅರ್ಧ ಕಿಲೋ ಕೊಳ್ಳದೆ ಮುಂದೆ ಹೋಗಬೇಡಿ.